ಅಡಿಕೆ ಮೂಟೆ ಹೇರಿದರೆ ಸುಮ್ಮನಾಗುವ ಓಮ್ನಿ

ಪ್ರಶ್ನೆ: ನನ್ನಲ್ಲಿ 2006ರ ಮಾರುತಿ ಓಮ್ನಿ ಇದೆ. 1,32,000 ಕಿ.ಮೀ. ಓಡಿದೆ. ಐದಾರು ತಿಂಗಳಿಂದ 50ರಿಂದ 65 ಕಿ.ಮೀ. ವೇಗದ ನಡುವೆ ಗಾಡಿಯ ಅಡಿಯಿಂದ ‘ಗುಂಯ್’ ಎಂಬ ಶಬ್ದ ಬರುತ್ತಿದೆ. ನಮ್ಮ ತೋಟದ ಪಕ್ಕದ ಟ್ರಾನ್ಸ್‌ಫಾರ್ಮರ್ ಸದ್ದಿನ ಹಾಗೆಯೇ ಕೇಳುತ್ತದೆ. ಗೇರ್ ಲಿವರ್ ಸಣ್ಣಗೆ ನಡುಗುತ್ತದೆ. ಮೂರನೇ ಗೇರಿನಲ್ಲಾದರೂ ನಾಲ್ಕನೆಯದರಲ್ಲಾದರೂ ಅದೇ ಸದ್ದು; 70 ದಾಟಿದರೆ ಕಡಿಮೆಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಸದ್ದಿನ ರೀತಿ ಬದಲಾಗುತ್ತದೆ. ಮೊದಲ ಗೇರಿನಿಂದ ರಿವರ್ಸ್‌ಗೆ ಹಾಕಿದಾಗ ಹಿಂದೆಲ್ಲೋ ‘ಠಣ್’ ಎನ್ನುತ್ತದೆ. ಗ್ಯಾರೇಜಿನಲ್ಲಿ ಹಿಂದಿನ ಎರಡೂ ಹಬ್ ಬೇರಿಂಗ್ ಬದಲಿಸಿದರು, ಗೇರ್‌ಬಾಕ್ಸ್ ಎಣ್ಣೆ ಬದಲಿಸಿದರು, ಪ್ರಯೋಜನವಾಗಲಿಲ್ಲ. ಈಗ ಕ್ರೌನ್-ಪಿನಿಯನ್ ಸೆಟ್ (ಹಿಂದಿನ ಆಕ್ಸಲ್ ನಡುವಿನ ದೊಡ್ಡ-ಚಿಕ್ಕ ಹಲ್ಲುಚಕ್ರಗಳ ಜೋಡಿ) ಹಾಕಬೇಕು ಎನ್ನುತ್ತಿದ್ದಾರೆ. ವಿಚಿತ್ರವೆಂದರೆ ಅಡಿಕೆ ಮೂಟೆ ಹೇರಿಕೊಂಡು ಪೇಟೆಗೆ ಹೋಗುವಾಗ ಶಬ್ದ ಇಲ್ಲವೆನ್ನುವಷ್ಟು ಕಡಿಮೆ. ಖಾಲಿ ಗಾಡಿಯಲ್ಲಿ ಹಿಂದಿರುಗುವಾಗ ಮತ್ತೆ ಶುರು. ಕಳೆದ ಕೊಯ್ಲಿಗೆ ಮೊದಲು ಹಿಂದಿನ ಕಮಾನಿಗೆ (ಪಟ್ಟಿ ಸ್ಪ್ರಿಂಗಿಗೆ) ಒಂದು ಪಟ್ಟಿ ಹೆಚ್ಚಿಗೆ ಹಾಕಿಸಿದ್ದು ಬಿಟ್ಟರೆ ಗಾಡಿಗೆ ಬೇರೇನೂ ಮಾಡಿಸಿಲ್ಲ. ಕ್ರೌನ್-ಪಿನಿಯನ್ ಬದಲಿಸಲೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಬದಲಿಸಬೇಡಿ. ಕನಿಷ್ಠ ಈ ಉತ್ತರ ಓದಿ, ಒಂದು ಬೆಳಗಿನ ಕೆಲಸ ಮುಗಿಸುವವರೆಗಾದರೂ ಬದಲಿಸಬೇಡಿ.

ಪತ್ರದ ಕೊನೆಯಲ್ಲಿ ಬರುವ ಮೂಟೆಯ ಮಾತನ್ನೂ ಕಮಾನಿನ ಪಟ್ಟಿಯ ಮಾತನ್ನೂ ನೀವು ಹೋಗುವ ಹೊತ್ತಿನಲ್ಲಿ ನೆನಪಾದಂತೆ ಬರೆದಿದ್ದೀರಿ. ನನಗೆ ಬೇಕಾದ ಸುಳಿವು ಇರುವುದು ಅಲ್ಲಿಯೇ. ಮೂವತ್ತು ವರ್ಷ ಗಾಡಿಗಳ ಅಡಿಯಲ್ಲಿ ಮಲಗಿ ನಾನು ಕಂಡುಕೊಂಡದ್ದೇನೆಂದರೆ, ಶಬ್ದ ಎಲ್ಲಿಂದ ಬರುತ್ತಿದೆ ಎಂಬುದರಲ್ಲಿ ಕಿವಿಯನ್ನು ನಂಬಬಾರದು, ಯಾವಾಗ ಬರುತ್ತಿದೆ ಎಂಬುದರಲ್ಲಿ ನಂಬಬಹುದು. ಓಮ್ನಿಯ ದೇಹವೆಂದರೆ ತೆಳು ತಗಡಿನ ಡಬ್ಬಿ. ಮುಂದೆ ಹುಟ್ಟಿದ ಸದ್ದು ಹಿಂದಿನ ಬಾಗಿಲಲ್ಲಿ ಮೊಳಗುತ್ತದೆ, ಹಿಂದೆ ಹುಟ್ಟಿದ್ದು ಗೇರ್ ಲಿವರಿನಲ್ಲಿ ನಡುಗುತ್ತದೆ. ಆದರೆ ಯಾವ ವೇಗಕ್ಕೆ, ಯಾವ ಗೇರಿನಲ್ಲಿ, ಭಾರವಿದ್ದಾಗಲೋ ಇಲ್ಲದಾಗಲೋ ಎಂಬ ಲೆಕ್ಕವನ್ನು ತಗಡು ಅಳಿಸಿಹಾಕಲಾರದು.

ಮೊದಲು ಹಬ್ ಬೇರಿಂಗ್ ವಿಷಯ. ಸವೆದ ಬೇರಿಂಗ್ ಮೇಲೆ ಭಾರ ಹೆಚ್ಚಿದರೆ ಅದು ಹೆಚ್ಚು ಕೂಗುತ್ತದೆ. ಬಲಕ್ಕೆ ತಿರುಗುವಾಗ ಎಡಗಡೆಯ ಚಕ್ರದ ಮೇಲೆ ಭಾರ ವಾಲುತ್ತದೆ, ಎಡಗಡೆಯ ಬೇರಿಂಗ್ ಹೋಗಿದ್ದರೆ ಆಗ ಸದ್ದು ಏರುತ್ತದೆ. ನಿಮ್ಮದು ಭಾರ ಹೇರಿದರೆ ಸುಮ್ಮನಾಗುವ ಸದ್ದು. ಅಂದರೆ ಬೇರಿಂಗಿನ ನಡವಳಿಕೆಗೆ ಪೂರಾ ಉಲ್ಟಾ. ಮೂಟೆಯ ವಿಷಯ ಒಂದು ಮಾತು ಕೇಳಿದ್ದರೆ ಆ ಎರಡು ಬೇರಿಂಗಿನ ದುಡ್ಡು ಉಳಿಯುತ್ತಿತ್ತು. ಹಾಗೆಂದು ಆ ಮೆಕ್ಯಾನಿಕ್ಕನ್ನು ಬೈಯುವುದು ಬೇಡ. ಕ್ರೌನ್-ಪಿನಿಯನ್ ಎಂದು ಅವರು ಊಹಿಸಿದ್ದಕ್ಕೆ ಕಾರಣವಿದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಕೂಗುವುದು ಸವೆದ ಕ್ರೌನ್-ಪಿನಿಯನ್ನಿನ ಹಳೆಯ ಲಕ್ಷಣ. ಎಳೆಯುವಾಗ ಹಲ್ಲಿನ ಒಂದು ಮುಖ ತಾಗುತ್ತದೆ, ಬಿಟ್ಟಾಗ ಇನ್ನೊಂದು ಮುಖ. ಆದರೆ ಆ ಲಕ್ಷಣಕ್ಕೆ ಇನ್ನೊಬ್ಬ ವಾರಸುದಾರನೂ ಇದ್ದಾನೆ. ಅಲ್ಲಿಗೆ ಬರುತ್ತೇನೆ.

ಈಗ ಸ್ವಲ್ಪ ಲೆಕ್ಕ. ಬೇಸರಪಡಬೇಡಿ, ಇದು ಗುಣಾಕಾರ ಮಾತ್ರ. ಓಮ್ನಿಯ 12 ಇಂಚಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 1.65 ಮೀಟರ್ ಉರುಳುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು. ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ತಿರುಗುವಿಕೆ ಒಯ್ಯುವ ಉದ್ದ ಕೊಳವೆ, ಸುಮಾರು 5 ಸುತ್ತು ತಿರುಗಬೇಕು. ಇದನ್ನು ನೀವೇ ಎಣಿಸಿ ನೋಡಬಹುದು: ಮುಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡಗಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಬಿಡಿಸಿ ಆ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿರುವುದರಿಂದ ಡಿಫರೆನ್ಷಿಯಲ್ಲಿನ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯ) ಕ್ರೌನ್ ಒಂದೇ ಸುತ್ತು ತಿರುಗುತ್ತದೆ. ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ನಿಮ್ಮ ಗಾಡಿಯ ಅನುಪಾತ. ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು ಮಗನನ್ನೋ ಮಗಳನ್ನೋ ಎಣಿಸಲು ಕೂರಿಸಿ. ಮಕ್ಕಳು ಗಾಡಿಯ ಅಡಿಗೆ ಹೋಗದೆ ಹೊರಗಿನಿಂದಲೇ ನೋಡಲಿ.

ಅಲ್ಲಿಗೆ 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ 10 ಸುತ್ತು, ಶಾಫ್ಟ್ 50 ಸುತ್ತು. ಹಳೆಯ ಓಮ್ನಿಯ ನಾಲ್ಕನೇ ಗೇರ್ ನೇರ ಗೇರ್, ಆದ್ದರಿಂದ ಎಂಜಿನ್ ಕೂಡ 50 ಸುತ್ತು, ಅಂದರೆ ನಿಮಿಷಕ್ಕೆ 3,000. ಮೂರು ಸಿಲಿಂಡರಿನ ಈ ಎಂಜಿನ್ ಪ್ರತಿ ಎರಡು ಸುತ್ತಿಗೆ ಮೂರು ಸಲ ಉರಿಯುತ್ತದೆ, ಹಾಗಾಗಿ ಅದರ ಸದ್ದು ಸೆಕೆಂಡಿಗೆ 75 ಮಿಡಿತದ್ದು. ಚಕ್ರದ ದೋಷವಾದರೆ ಸೆಕೆಂಡಿಗೆ 10 ಮಿಡಿತ. ಅದು ಗುಂಯ್ ಎನ್ನುವುದಿಲ್ಲ, ಸೀಟನ್ನೋ ಸ್ಟೀರಿಂಗನ್ನೋ ಅಲುಗಿಸುತ್ತದೆ. ಕ್ರೌನ್-ಪಿನಿಯನ್ ಹಲ್ಲುಗಳ ಸದ್ದು ಇವೆಲ್ಲಕ್ಕಿಂತ ಬಹಳ ಮೇಲೆ. ಪಿನಿಯನ್ನಿಗೆ 8 ಹಲ್ಲಿದ್ದರೆ 50 ಗುಣಿಲೆ 8, ಸೆಕೆಂಡಿಗೆ 400. ಅದು ‘ಕುಂಯ್ಯ್’ ಎಂದು ರಾಗ ಎಳೆಯುವ ಸದ್ದು.

ಹಾಗಾದರೆ ನಿಮ್ಮ ಟ್ರಾನ್ಸ್‌ಫಾರ್ಮರ್? ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಅದರ ಇಮ್ಮಡಿ ಲೆಕ್ಕದಲ್ಲಿ ಮಿಡಿಯುತ್ತದೆ. ಅದರ ಗುಂಯ್‌ಗುಡುವಿಕೆ ಸೆಕೆಂಡಿಗೆ 100ರದ್ದು. ನಿಮ್ಮ ಶಾಫ್ಟ್ 60ರ ವೇಗದಲ್ಲಿ 50 ಸುತ್ತು ಬರುತ್ತದೆ, ಅದರ ಇಮ್ಮಡಿ 100. ನೀವು ಹೋಲಿಕೆಗೆಂದು ಬರೆದ ಮಾತು ಅಳತೆಯೇ ಆಗಿಬಿಟ್ಟಿದೆ. ಕ್ರೌನ್-ಪಿನಿಯನ್ ಸದ್ದು ಇದಕ್ಕಿಂತ ಪೂರ್ತಿ ಎರಡು ಸ್ಥಾಯಿ ಮೇಲಿರಬೇಕಿತ್ತು. ಸಂಗೀತ ಕೇಳುವವರಿಗೆ ಆ ಅಂತರ ತಪ್ಪುವುದಿಲ್ಲ. ಮಿಕ್ಕವರಿಗೆ ಶ್ರುತಿಯ ಆವರ್ತನ ತೋರಿಸುವ ಉಚಿತ ಆಪ್‌ಗಳು ಮೊಬೈಲಿನಲ್ಲಿ ಸಿಗುತ್ತವೆ. ಸ್ಪೀಡೋಮೀಟರ್ ಸ್ವಲ್ಪ ಹೆಚ್ಚು ತೋರಿಸುವುದು ಸಾಮಾನ್ಯ, ಆದ್ದರಿಂದ 100ರ ಬದಲು 92, 95 ಬಂದರೂ ಗಾಬರಿ ಬೇಡ. 400ರ ಹತ್ತಿರವಿದೆಯೇ, 100ರ ಹತ್ತಿರವಿದೆಯೇ ಎಂಬುದಷ್ಟೇ ನಮಗೆ ಬೇಕಾದದ್ದು.

ಶಾಫ್ಟಿನ ಸುತ್ತಿಗೆ ಇಮ್ಮಡಿ ಮಿಡಿಯುವ ವಸ್ತು ಗಾಡಿಯ ಅಡಿಯಲ್ಲಿ ಒಂದೇ: ಶಾಫ್ಟಿನ ಎರಡು ತುದಿಗಳಲ್ಲಿರುವ ಜಾಯಿಂಟ್ ಕ್ರಾಸ್, ಅಂದರೆ ಶಿಲುಬೆಯಾಕಾರದ ಕೀಲು. ಗೇರ್‌ಬಾಕ್ಸ್ ಮೇಲಿದೆ, ಡಿಫರೆನ್ಷಿಯಲ್ ಕೆಳಗಿದೆ, ಶಾಫ್ಟ್ ಓರೆಯಾಗಿ ಇಳಿಯುತ್ತದೆ. ಓರೆಯಾಗಿ ತಿರುಗುವ ಕ್ರಾಸಿನ ಗುಣವೇನೆಂದರೆ, ಒಂದು ಬದಿ ಒಂದೇ ಸಮನೆ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಹಿಂದಿನ ತುದಿಯಲ್ಲಿ ಅಷ್ಟೇ ಕೋನದ ಇನ್ನೊಂದು ಕ್ರಾಸ್ ಇದ್ದರೆ ಈ ಏರಿಳಿತ ಅಲ್ಲಿ ವಜಾ ಆಗಿ, ಚಕ್ರಕ್ಕೆ ಸಮನಾದ ತಿರುಗುವಿಕೆ ಹೋಗುತ್ತದೆ. ಎರಡು ಕೋನಗಳಲ್ಲಿ ವ್ಯತ್ಯಾಸ ಬಂದರೆ ವಜಾ ಆಗುವುದಿಲ್ಲ. ಎರಡೂ ಸಮನಾಗಿಯೇ ಹೆಚ್ಚಿದರೂ ನಡುವಿನ ಶಾಫ್ಟಿನ ಏರಿಳಿತ ಹೆಚ್ಚುತ್ತದೆ; ಅದೂ ಕೋನ ಇಮ್ಮಡಿಯಾದರೆ ಏರಿಳಿತ ನಾಲ್ಕು ಪಟ್ಟು.

ನಿಮ್ಮ ಹೆಚ್ಚಿನ ಪಟ್ಟಿ ಮಾಡಿರುವುದು ಇದನ್ನೇ ಎಂಬುದು ನನ್ನ ಅಂದಾಜು. ಪಟ್ಟಿ ಸೇರಿಸಿದಾಗ ಗಾಡಿಯ ಹಿಂಭಾಗ ಮೇಲೆದ್ದಿತು, ಆಕ್ಸಲ್ ಅದಕ್ಕೆ ಹೋಲಿಸಿದರೆ ಕೆಳಗೆ ಹೋಯಿತು, ಶಾಫ್ಟ್ ಇನ್ನಷ್ಟು ಓರೆಯಾಯಿತು. ಮೂಟೆ ಹೇರಿದಾಗ ಗಾಡಿ ತಗ್ಗುತ್ತದೆ, ಓರೆ ಕಡಿಮೆಯಾಗುತ್ತದೆ, ಸದ್ದು ಅಡಗುತ್ತದೆ. ಪಟ್ಟಿ ಹಾಕಿದವರು ಕಮಾನಿಗೂ ಆಕ್ಸಲಿಗೂ ಕಟ್ಟುವ ಯು-ಬೋಲ್ಟ್ ಬಿಗಿಯುವಾಗ ಆಕ್ಸಲ್ ಒಂದೆರಡು ಡಿಗ್ರಿ ಹೊರಳಿ ಕೂತಿದ್ದರೆ ಹಿಂದಿನ ಕೋನ ಮುಂದಿನದಕ್ಕಿಂತ ಬೇರೆಯೂ ಆಗಿರುತ್ತದೆ. 70 ದಾಟಿದರೆ ಕಡಿಮೆಯಾಗುವುದಕ್ಕೂ ಇದು ಹೊಂದುತ್ತದೆ: ನೆಲದ ತಗಡೋ ಗೇರ್‌ಬಾಕ್ಸಿನ ರಬ್ಬರೋ ಆ ಮಿಡಿತಕ್ಕೆ ದನಿಗೂಡಿಸುವುದು 55-60ರ ಆಸುಪಾಸಿನಲ್ಲಿ ಮಾತ್ರ. ಮೂರನೇ ಗೇರಿನಲ್ಲೂ ನಾಲ್ಕರಲ್ಲೂ ಅದೇ ಸದ್ದು ಎಂದಿದ್ದೀರಿ. ಗೇರ್ ಬದಲಾದರೆ ಎಂಜಿನ್ನಿನ ಸುತ್ತು ಬದಲಾಗುತ್ತದೆ, ಶಾಫ್ಟಿನದು ಬದಲಾಗುವುದಿಲ್ಲ. ಹಾಗಾಗಿ ಎಂಜಿನ್, ಕ್ಲಚ್ ಎರಡರ ಮೇಲಿನ ಅನುಮಾನವನ್ನೂ ಬಿಡಬಹುದು. ಗೇರ್‌ಬಾಕ್ಸಿನ ಒಳಗಿನ ಬೇರಿಂಗುಗಳ ಮೇಲೂ ನನಗೆ ಅನುಮಾನವಿಲ್ಲ. ಅವು ಹೋಗಿದ್ದರೆ ಒಂದು, ಎರಡು, ಮೂರನೇ ಗೇರಿನಲ್ಲಿ ಕೂಗಿ, ನೇರ ಗೇರಾದ ನಾಲ್ಕಕ್ಕೆ ಬಂದಾಗ ತಣ್ಣಗಾಗಬೇಕಿತ್ತು.

ಇನ್ನು ಆಕ್ಸಿಲರೇಟರಿನ ವಿಷಯ. ಕಮಾನ್ ಪಟ್ಟಿಯ ಗಾಡಿಗಳಲ್ಲಿ ಎಂಜಿನ್ ಎಳೆಯುವಾಗ ಆಕ್ಸಲ್ ತನ್ನ ಮೂಗನ್ನು (ಶಾಫ್ಟ್ ಬಂದು ಸೇರುವ ತುದಿಯನ್ನು) ಮೇಲೆತ್ತುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ತಗ್ಗಿಸುತ್ತದೆ. ಮೂಗಿನ ಜೊತೆ ಕೋನವೂ ಬದಲಾಗುತ್ತದೆ, ಕೋನದ ಜೊತೆ ಸದ್ದೂ. ಹಿಂದೆ ಹೇಳಿದ ಇನ್ನೊಬ್ಬ ವಾರಸುದಾರ ಇವನೇ.

ಅಂದಾಜು ಎಂದೆ. ಸಾಬೀತು ಮಾಡಲು ಒಂದು ಬೆಳಿಗ್ಗೆ ಸಾಕು. ವಾಹನ ಸಂಚಾರವಿಲ್ಲದ ಸಮತಟ್ಟು ರಸ್ತೆ ಬೇಕು, ಘಾಟಿ ಬೇಡ. ಖಾಲಿ ಗಾಡಿಯಲ್ಲಿ ಶಬ್ದ ಜೋರಾಗಿರುವ ವೇಗಕ್ಕೆ ಹೋಗಿ. ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ದಾಖಲಿಸುತ್ತಾ ವೇಗವನ್ನು ಬಾಯಿಬಿಟ್ಟು ಹೇಳುತ್ತಿರಲಿ. ನಂತರ ಕ್ಲಚ್ ಒತ್ತಿ ಗಾಡಿ ತೇಲಲು ಬಿಡಿ. ಎಂಜಿನ್ ಆಫ್ ಮಾಡುವ ಸಾಹಸ ಬೇಡವೇ ಬೇಡ. ಬೀಗದ ಕೈ ತಿರುಗಿದರೆ ಸ್ಟೀರಿಂಗ್ ಲಾಕ್ ಆಗಬಹುದು. ಎಂಜಿನ್ ತಗ್ಗಿದರೂ ಗುಂಯ್ ಮುಂದುವರಿದರೆ ಅದು ಎಂಜಿನ್ನಿನದಲ್ಲ, ಗೇರ್‌ಬಾಕ್ಸಿನದೋ ಅದರ ಹಿಂದಿನದೋ. ಆಮೇಲೆ ಮೂರ್ನಾಲ್ಕು ಜನರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅದೇ ರಸ್ತೆ, ಅದೇ ವೇಗ. ಇನ್ನೂ ಇಬ್ಬರಷ್ಟು ಭಾರಕ್ಕೆ ಮೂಟೆ ಹಾಕಿ ಮತ್ತೊಮ್ಮೆ. ಭಾರ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಸದ್ದು ಇಳಿದರೆ ಕೋನವೇ ಕಳ್ಳ. ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ಸದ್ದಿನ ರೂಪ ಬದಲಾದರೆ ಮಾತ್ರ ಟೈರ್ ನೋಡಿ. ಅಲೆಅಲೆಯಾಗಿ ಸವೆದ ಟೈರ್ ಬೇರಿಂಗಿನ ಹಾಗೆಯೇ ಕೂಗಿ ಎಷ್ಟೋ ಜನರ ಜೇಬು ಖಾಲಿ ಮಾಡಿದೆ.

ನಂತರ ಅಡಿಯ ಕೆಲಸ. ಗುಂಡಿ ಇರುವ ಗ್ಯಾರೇಜ್ ಇದ್ದರೆ ಅಲ್ಲಿಯೇ ಮಾಡಿಸಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡಿ. ಚಕ್ರ ಎತ್ತಿ, ಗೇರ್ ಹಾಕಿ, ಎಂಜಿನ್ ಓಡಿಸುತ್ತಾ ಅಡಿಯಿಂದ ಆಲಿಸುವವರನ್ನು ನೋಡಿದ್ದೇನೆ. ಗಾಡಿ ಸ್ಟ್ಯಾಂಡಿನಿಂದ ಜಿಗಿದರೆ ಆಲಿಸಿದವರು ಅದನ್ನು ಹೇಳಲು ಉಳಿಯುವುದಿಲ್ಲ. ನಮಗೆ ಬೇಕಾದದ್ದೆಲ್ಲ ನಿಂತ ಗಾಡಿಯಲ್ಲೇ ಸಿಗುತ್ತದೆ.

ಮೊದಲು ಗೇರ್‌ಬಾಕ್ಸ್ ಕೂತಿರುವ ರಬ್ಬರ್ ಮೌಂಟಿಂಗ್ ನೋಡಿ. ಅಷ್ಟು ವರ್ಷದ ರಬ್ಬರ್ ಕುಸಿದಿದ್ದರೆ ಗೇರ್‌ಬಾಕ್ಸಿನ ಬಾಲ ತಗ್ಗಿ ಮುಂದಿನ ಕೋನವೂ ಕೆಡುತ್ತದೆ. ಸೈಲೆನ್ಸರ್ ಕೊಳವೆ ಎಲ್ಲಾದರೂ ತಗಡಿಗೆ ತಾಗಿ ಹೊಳೆಯುವ ಗುರುತು ಮಾಡಿದೆಯೇ ನೋಡಿ. ನಂತರ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಕ್ರಾಸಿನ ಹತ್ತಿರ ಮೇಲೆ ಕೆಳಗೆ ಒತ್ತಿ, ತಿರುಚಿ. ಕ್ರಾಸಿನ ಬಟ್ಟಲುಗಳ ಸುತ್ತ ಕುಂಕುಮ ಚೆಲ್ಲಿದಂತೆ ಕೆಂಪು ತುಕ್ಕಿನ ಹುಡಿ ಕಂಡರೆ ಒಳಗಿನ ಸೂಜಿ ಬೇರಿಂಗುಗಳು ಗ್ರೀಸ್ ಇಲ್ಲದೆ ಒಣಗಿವೆ ಎಂದರ್ಥ. ನಿಮ್ಮ ‘ಠಣ್’ ಬಹುಪಾಲು ಇಲ್ಲಿಯದು. ಗೇರ್‌ಬಾಕ್ಸಿನೊಳಗೆ ಜಾರುವ ತೋಳಿನ ಸವೆತವೂ ಅದಕ್ಕೆ ಕೈಜೋಡಿಸಿರಬಹುದು. ಗಾಡಿ ಎತ್ತರವಾದಾಗ ಆ ತೋಳು ಒಂದಿಷ್ಟು ಹೊರಗೆ ಬಂದು ಹಿಡಿತ ಕಡಿಮೆಯಾಗಿರುತ್ತದೆ. ಪಿನಿಯನ್ ಫ್ಲೇಂಜನ್ನು (ಶಾಫ್ಟ್ ಬಂದು ಸೇರುವ ಬಿಲ್ಲೆಯನ್ನು) ಹಿಡಿದು ಸುತ್ತುದಿಕ್ಕಿನಲ್ಲಿ ಅಲುಗಿಸಿದರೆ ತುಸು ಆಡುವುದು ಸಹಜ, ಹಲ್ಲುಗಳ ನಡುವೆ ಅಷ್ಟು ಸಂದು ಇರಲೇಬೇಕು. ಮೇಲೆ ಕೆಳಗೆ ಆಡಿದರೆ ಮಾತ್ರ ಪಿನಿಯನ್ ಬೇರಿಂಗ್ ಹೋಗಿದೆ.

ಡಿಫರೆನ್ಷಿಯಲ್ ಎಣ್ಣೆಯನ್ನೂ ಇಳಿಸಿ ನೋಡಿ. ಗೇರ್‌ಬಾಕ್ಸ್ ಎಣ್ಣೆ ಬದಲಿಸಿದರು ಎಂದಿದ್ದೀರಿ. ಓಮ್ನಿಯಲ್ಲಿ ಅದು ಬೇರೆ, ಇದು ಬೇರೆ, ಇದನ್ನು ಯಾರೂ ಮುಟ್ಟಿರುವ ಹಾಗೆ ಕಾಣುವುದಿಲ್ಲ. ಬೆರಳಿಗೆ ಅಂಟುವ ನುಣುಪಾದ ಬೂದು ಕೆಸರು ಸವೆತದ್ದು, ಹೆದರಬೇಕಿಲ್ಲ. ಉಗುರಿಗೆ ಸಿಗುವ ಚೂರುಗಳಿದ್ದರೆ ಮೆಕ್ಯಾನಿಕ್ ಹೇಳಿದ್ದೇ ಸರಿ, ನಾನು ಸೋತೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಳೆಗಾಲದಲ್ಲಿ ಹಳ್ಳ ದಾಟಿದಾಗ ನೀರು ಹೊಕ್ಕಿದೆ. ಆಕ್ಸಲ್ ಮೇಲಿನ ಉಸಿರುಕೊಳವೆ ಮಣ್ಣು ಕಟ್ಟಿದೆಯೇ ನೋಡಿ. ಮತ್ತೆ ತುಂಬುವಾಗ ಡಿಫರೆನ್ಷಿಯಲ್ಲಿಗೆ ಜಿಎಲ್-5 ದರ್ಜೆಯ ಎಣ್ಣೆಯೇ ಬೇಕು. ಅದೇ ಡಬ್ಬಿಯನ್ನು ಗೇರ್‌ಬಾಕ್ಸಿಗೂ ಸುರಿಯಲು ಬಿಡಬೇಡಿ. ಅಲ್ಲಿನ ಹಿತ್ತಾಳೆ ಬಳೆಗಳಿಗೆ ಜಿಎಲ್-4 ಒಳ್ಳೆಯದು.

ಕೊನೆಯದು ಕೋನದ ಅಳತೆ. ಇದನ್ನು ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ ಮಾಡಬೇಕು, ಎತ್ತಿದಾಗ ಆಕ್ಸಲ್ ಜೋತುಬಿದ್ದು ಎಲ್ಲ ಸುಳ್ಳಾಗುತ್ತದೆ. ಮೊಬೈಲಿನ ಮಟ್ಟ ನೋಡುವ ಆಪ್ ಸಾಕು. ಗೇರ್‌ಬಾಕ್ಸಿನ ಓರೆ, ಶಾಫ್ಟ್ ಕೊಳವೆಯ ಓರೆ, ಪಿನಿಯನ್ನಿನ ಓರೆ, ಈ ಮೂರನ್ನು ಬರೆದುಕೊಳ್ಳಿ. ಮೊದಲೆರಡರ ವ್ಯತ್ಯಾಸ ಮುಂದಿನ ಕ್ರಾಸಿನ ಕೋನ, ಕೊನೆಯೆರಡರ ವ್ಯತ್ಯಾಸ ಹಿಂದಿನದು. ಎರಡೂ ಹೆಚ್ಚೆಂದರೆ 3 ಡಿಗ್ರಿಯ ಆಸುಪಾಸಿನಲ್ಲಿದ್ದು, ತಮ್ಮೊಳಗೆ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು ಎಂಬುದು ಕಸುಬಿನ ಲೆಕ್ಕ. ಖಾಲಿ ಗಾಡಿಯಲ್ಲೊಮ್ಮೆ, ಮೂಟೆ ಹಾಕಿ ಇನ್ನೊಮ್ಮೆ ಅಳೆಯಿರಿ.

ಈ ಕ್ರಾಸುಗಳ ಲೆಕ್ಕದ ಮೇಲೆ ನನಗೆ ಇಷ್ಟು ನಂಬಿಕೆ ಬರಲು ಒಂದು ಎಸ್ಟೇಟ್ ಜೀಪು ಕಾರಣ. ಕೆಲಸ ಕಲಿಯುವ ದಿನಗಳಲ್ಲಿ ಅದರ ಡಿಫರೆನ್ಷಿಯಲ್ಲನ್ನು ನಾವು ಎರಡು ಸಲ ಬಿಚ್ಚಿದೆವು, ಎರಡು ಸಲವೂ ಏನೂ ಸಿಗದೆ ಮುಚ್ಚಿದೆವು. ಜೀಪಿನ ಶಾಫ್ಟ್ ನಡುವೆ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಮತ್ತೆ ಕೂಡಿಸುವಾಗ ಎರಡು ಬಾಣದ ಗುರುತುಗಳು ಎದುರುಬದುರು ಬರಬೇಕು. ಹಿಂದೊಮ್ಮೆ ಯಾರೋ ಒಂದು ಹಲ್ಲು ತಪ್ಪಿಸಿ ಕೂಡಿಸಿದ್ದರು. ಹಾಗಾದಾಗಲೂ ಒಂದು ಕ್ರಾಸಿನ ಏರಿಳಿತ ಇನ್ನೊಂದರಲ್ಲಿ ವಜಾ ಆಗುವುದಿಲ್ಲ. ಬಾಣಗಳ ಮೇಲೆ ಬೆರಳು ದಪ್ಪ ಕೆಸರು. ಕೆಸರು ಕೆರೆದ ಹುಡುಗ ನಾನಲ್ಲ, ಜೀಪು ತೊಳೆಯಲು ಬಂದವನು. ನಿಮ್ಮ ಓಮ್ನಿಯ ಶಾಫ್ಟ್ ಒಂದೇ ತುಂಡಾದ್ದರಿಂದ ಈ ತಪ್ಪಿಗೆ ಅವಕಾಶವಿಲ್ಲ. ಆದರೂ ಬಿಚ್ಚುವ ಮುನ್ನ ಹಿಂದಿನ ಫ್ಲೇಂಜಿನ ಎರಡೂ ಭಾಗಗಳ ಮೇಲೆ ಗೆರೆ ಎಳೆದುಕೊಂಡು, ಅದೇ ಜಾಗಕ್ಕೆ ಕೂಡಿಸಲು ಹೇಳಿ. ತೂಕದ ಸಮತೋಲ ಕೆಡುವುದಿಲ್ಲ.

ಪರಿಹಾರದ ವಿಷಯದಲ್ಲಿ ನನ್ನ ಸಲಹೆ ಹೆಚ್ಚಿನ ಪಟ್ಟಿಯನ್ನು ತೆಗೆಸುವುದು. ಕಮಾನು ಕುಸಿದಿದ್ದರೆ ಹಳೆಯ ಪಟ್ಟಿಗಳನ್ನು ಬದಲಿಸಿ ಕಂಪನಿಯ ಲೆಕ್ಕಕ್ಕೇ ತನ್ನಿ. ‘ಪಟ್ಟಿ ತೆಗೆದರೆ ಮೂಟೆ ಹೇರುವುದು ಹೇಗೆ?’ ಎಂದರೆ, ಎರಡು ಸಲ ಹೋಗಿ ಬನ್ನಿ ಎಂದಷ್ಟೇ ಹೇಳಬಲ್ಲೆ. ಪಟ್ಟಿ ಗಟ್ಟಿಯಾದ ಮಾತ್ರಕ್ಕೆ ಬ್ರೇಕೂ ಟೈರೂ ಗಟ್ಟಿಯಾಗುವುದಿಲ್ಲ, ನಿಮ್ಮ ಕಡೆಯ ಇಳಿಜಾರು ಎಂಥವೆಂದು ನಿಮಗೆ ಗೊತ್ತು. ಪಟ್ಟಿ ಇರಲೇಬೇಕು ಎಂದಾದರೆ ಆಕ್ಸಲ್ ಮತ್ತು ಕಮಾನಿನ ನಡುವೆ ಬೆಣೆಯಂಥ ಓರೆ ತಗಡು ಕೊಟ್ಟು ಪಿನಿಯನ್ನಿನ ಮೂಗು ಸರಿಪಡಿಸುವ ದಾರಿ ಇದೆ. ಅದು ಹಿಂದಿನ ಕೋನವನ್ನು ಮಾತ್ರ ಸರಿಮಾಡುತ್ತದೆ, ಮುಂದಿನದು ಹಾಗೆಯೇ ಉಳಿಯುತ್ತದೆ, ಆದ್ದರಿಂದ ನನಗೆ ಅಷ್ಟು ಹಿಡಿಸುವುದಿಲ್ಲ.

ಕ್ರಾಸ್ ಸವೆದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಕ್ರೌನ್-ಪಿನಿಯನ್ ಮುಂದೆ ಅದರ ಬೆಲೆ ಏನೂ ಅಲ್ಲ. ಬಟ್ಟಲುಗಳನ್ನು ಸುತ್ತಿಗೆಯಿಂದ ಬಡಿಯದೆ ವೈಸಿನಲ್ಲಿ ಒತ್ತಿ ಕೂರಿಸಲು ಹೇಳಿ. ಒಂದು ಸೂಜಿ ಅಡ್ಡಬಿದ್ದರೂ ಬಟ್ಟಲು ಪೂರ್ತಿ ಇಳಿಯದೆ ಲಾಕ್ ಬಳೆ ತೋಡಿಗೆ ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೆ ಎರಡೇ ತಿಂಗಳಲ್ಲಿ ನೀವು ಮತ್ತೆ ಪತ್ರ ಬರೆಯುತ್ತೀರಿ. ಶಾಫ್ಟನ್ನು ಹೊರಗೆಳೆದಾಗ ಗೇರ್‌ಬಾಕ್ಸಿನ ಹಿಂಬದಿಯಿಂದ ಎಣ್ಣೆ ಸುರಿಯುತ್ತದೆ, ಅಡಿಯಲ್ಲಿ ಪಾತ್ರೆ ಇಟ್ಟಿರಲಿ. ಕೆಲಸ ಮುಗಿದ ಮೇಲೆ ಅಷ್ಟೇ ಎಣ್ಣೆ ಮತ್ತೆ ಒಳಗೆ ಹೋಯಿತೇ ಎಂಬುದನ್ನು ಮಟ್ಟದ ತಿರುಪು ಬಿಚ್ಚಿಸಿ ನೀವೇ ಕಣ್ಣಾರೆ ನೋಡಿ ದುಡ್ಡು ಕೊಡಿ.